ಅಂತರಾಗ್ನಿ: ರಘು ದೀಕ್ಷಿತ್ ತಂಡದ ಮೊದಲ ಆಲ್ಬಂ

ಬೆಂಗಳೂರಿನ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡ 2008ರಲ್ಲಿ ಹೊರತಂದ ಮೊದಲ ಆಲ್ಬಂ ‘ಅಂತರಾಗ್ನಿ’. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಯ ಹಾಡುಗಳು ಇದರಲ್ಲಿವೆ. ಡ್ರಮ್ಸ್, ಬಾಸ್ ಗಿಟಾರ್, ಪಿಟೀಲುಗಳ ಅಬ್ಬರದ ನಡುವೆ ಸಂತ ಶಿಶುನಾಳ ಶರೀಫರ ತತ್ವಪದ ಕೇಳಿಬರುವುದೇ ಇದರ ವಿಶೇಷ.

ಶರೀಫರ (1819–1889) ಊರು ಶಿಶುನಾಳ ಇರುವುದು ಶಿಗ್ಗಾಂವಿ ತಾಲ್ಲೂಕಿನಲ್ಲಿ. ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಅವರ ಪದಗಳು ಏಕತಾರಿ, ತಾಳಗಳೊಂದಿಗೆ ಭಜನಾ ಮೇಳಗಳ ಬಾಯಲ್ಲಿ ಉಳಿದವು. ಸಿ. ಅಶ್ವತ್ಥ್ ಅವನ್ನು ಸುಗಮ ಸಂಗೀತಕ್ಕೆ ತಂದರು, ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ (1990) ಮನೆಮನೆಗೆ ತಲುಪಿಸಿತು.

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ಪದವೀಧರರು, ಭರತನಾಟ್ಯ ಕಲಿತವರು. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ, ಸಹಪಾಠಿಯೊಡನೆ ಕಟ್ಟಿದ ಪಂಥಕ್ಕಾಗಿ. ಅವರ ಹಿಂದಿನ ತಂಡದ ಹೆಸರೂ ಅಂತರಾಗ್ನಿಯೇ. ಅದು ಚದುರಿದ ಮೇಲೆ ಕಟ್ಟಿದ್ದು ಈಗಿನ ತಂಡ. ಬಾಸ್ ನುಡಿಸಿದವರು ಗೌರವ್ ವಾಜ್. ಆಲ್ಬಂ ಹೊರತಂದವರು ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್. ಅವರ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಸಂಸ್ಥೆಯ ಮೊದಲ ಪ್ರಕಟಣೆ ಇದು.

‘ಗುಡುಗುಡಿಯ ಸೇದಿ ನೋಡೋ’ ಈ ಮುದ್ರಿಕೆಯ ಜೀವ. ಹುಕ್ಕಾದ ಅಂಗಾಂಗಗಳನ್ನು ಮನಸ್ಸು, ಬುದ್ಧಿಗಳಿಗೆ ಹೊಂದಿಸಿದ ಶರೀಫರ ಪದವಿದು. ಗುಡುಗುಡಿ ಎಂಬ ಮಾತಿನಲ್ಲೇ ನೀರಿನ ಸದ್ದಿದೆ, ತಾಳವೂ ಇದೆ. ಡ್ರಮ್ಸ್ ಆ ತಾಳವನ್ನೇ ಹಿಡಿದು ನಡೆಯುತ್ತದೆ. ಆದ್ದರಿಂದ ರಾಕ್ ಇಲ್ಲಿ ಹೊರಗಿನಿಂದ ಹೊದಿಸಿದ್ದು ಅನ್ನಿಸುವುದಿಲ್ಲ. ಶರೀಫರದೇ ‘ಸೋರುತಿಹುದು ಮನೆಯ ಮಾಳಿಗಿ’ಯಲ್ಲಿ ಸೋರುವುದು ಅಜ್ಞಾನದಿಂದ, ಮಳೆಗಾಲದಲ್ಲಿ ಮಾಡಿನ ಕೆಳಗೆ ಪಾತ್ರೆ ಇಟ್ಟು ಕೂತವರಿಗೆ ಈ ರೂಪಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವೆರಡರ ಮುಂದೆ ಇಂಗ್ಲಿಷ್ ಹಾಡುಗಳು ತೆಳುವಾಗಿ ಕೇಳುತ್ತವೆ. ‘ಮೈಸೂರ್ ಸೇ ಆಯೀ’ ಮಾತ್ರ ಹಿಂದಿಯಲ್ಲಿದ್ದರೂ ನಮ್ಮೂರಿನದೇ ಅನ್ನಿಸುತ್ತದೆ.

ರಾಕ್‌ಗೆ ಬೇರೆಯದನ್ನು ಬೆಸೆಯುವುದು ಹೊಸದೇನಲ್ಲ: 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ತಂಡಗಳು ಫಂಕ್‌ನ ಕುಣಿತವನ್ನು ಗಡಸು ಗಿಟಾರಿಗೆ ಬೆಸೆದು ಫಂಕ್ ಮೆಟಲ್ ಕಟ್ಟಿದವು. ‘ಅಂತರಾಗ್ನಿ’ ಮೆಟಲ್ ಅಲ್ಲ, ಜಾನಪದ ರಾಕ್. ಆದರೂ ಕೂಡದ್ದನ್ನು ಕೂಡಿಸುವ ಧೈರ್ಯ ಅದೇ ಬಗೆಯದು.

2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಸಂದಿತು. ಎರಡನೆಯ ಆಲ್ಬಂ ‘ಜಗ್ ಚಂಗಾ’ (2013)ದಲ್ಲೂ ಶರೀಫರು ಇದ್ದಾರೆ, ‘ಲೋಕದ ಕಾಳಜಿ’ಯ ರೂಪದಲ್ಲಿ.