ವಿದುರಾಶ್ವತ್ಥದ ಬಾವುಟ, ಮದನಪಲ್ಲಿಯ ಹಾಡು

ಆಗಸ್ಟ್ 15 ನಮ್ಮ ಕುಟುಂಬಗಳಿಗೆ ಎರಡು ಹಬ್ಬಗಳ ದಿನ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಬಲಿಪೂಜೆ ಮುಗಿದು ಹೊರಗೆ ಬಂದರೆ, ದೇವಾಲಯದ ಅಂಗಳದಲ್ಲಿ ಧ್ವಜಸ್ತಂಭ ಸಿದ್ಧವಾಗಿರುತ್ತದೆ. ಗುರುಗಳು ಹಗ್ಗ ಎಳೆಯುತ್ತಾರೆ, ಮಡಿಸಿದ ಬಟ್ಟೆ ಬಿಚ್ಚಿಕೊಳ್ಳುತ್ತದೆ, ನಾಲ್ಕು ಹೂವು ಉದುರುತ್ತವೆ. ಎಲ್ಲರೂ ನೆಟ್ಟಗೆ ನಿಂತು ಹಾಡುತ್ತೇವೆ. ಸರಿಯಾಗಿ ಹಾಡಿದರೆ ಸುಮಾರು 52 ಸೆಕೆಂಡು. ಅನಂತರ ಮಕ್ಕಳ ಕಣ್ಣೆಲ್ಲ ಸಿಹಿಯ ತಟ್ಟೆಯ ಮೇಲೆ.

ಈ ಬಾವುಟ ಮತ್ತು ಈ ಹಾಡು ದೂರದ ದೆಹಲಿಯಿಂದ, ಕಲ್ಕತ್ತೆಯಿಂದ ನಮಗೆ ಬಂದವೆಂದು ಭಾವಿಸುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಕಡೆ ನಿಂತು ನೋಡಿದರೆ, ಪಶ್ಚಿಮಕ್ಕೆ ಗೌರಿಬಿದನೂರಿನ ಆಚೆ ಇರುವ ವಿದುರಾಶ್ವತ್ಥದಲ್ಲಿ ಬಾವುಟದ ಕಥೆಯಿದೆ. ಪೂರ್ವಕ್ಕೆ ಆಂಧ್ರದ ಗಡಿ ದಾಟಿದರೆ ಮದನಪಲ್ಲಿಯಲ್ಲಿ ಹಾಡಿನ ಕಥೆಯಿದೆ. ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಸೀಮೆಯವರು ಈ ಎರಡು ಕಥೆಗಳ ನಡುವೆಯೇ ಬದುಕಿದ್ದಾರೆ.

ಮೊದಲು ಬಾವುಟ. 1938ರಲ್ಲಿ ಈ ಪ್ರದೇಶವೆಲ್ಲ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಸಂಸ್ಥಾನಕ್ಕೆ ತನ್ನದೇ ಆದ ಗಂಡಭೇರುಂಡ ಲಾಂಛನವಿತ್ತು, ತನ್ನದೇ ಧ್ವಜವಿತ್ತು, ತನ್ನದೇ ನಾಡಗೀತೆಯೂ ಇತ್ತು. ಬಸವಪ್ಪ ಶಾಸ್ತ್ರಿಗಳು ರಚಿಸಿದ 'ಕಾಯೌ ಶ್ರೀಗೌರಿ'ಯನ್ನು ಶಾಲೆಗಳಲ್ಲಿ ಮಕ್ಕಳು ಹಾಡುತ್ತಿದ್ದ ಕಾಲವದು. ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನಗಿರಿಯಲ್ಲಿ ಸರ್ ಮಿರ್ಜಾ ಇಸ್ಮಾಯಿಲ್. ಮಾದರಿ ಸಂಸ್ಥಾನವೆಂದು ಹೊರಗಿನವರೂ ಹೊಗಳುತ್ತಿದ್ದರು. ಆ ಹೊಗಳಿಕೆ ಸುಳ್ಳಾಗಿರಲಿಲ್ಲ. ಆದರೆ ಆಡಳಿತ ಎಷ್ಟೇ ಒಳ್ಳೆಯದಿದ್ದರೂ ಅದು ಪ್ರಜೆಗಳಿಗೆ ಹೊಣೆಯಾಗಿರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂದು ಕೇಳುತ್ತಿದ್ದವರು ಕಾಂಗ್ರೆಸ್ಸಿನ ಚರಕದ ಬಾವುಟವನ್ನು ಎತ್ತಿ ಹಿಡಿದರು. ಸಂಸ್ಥಾನದ ನೆಲದಲ್ಲಿ ಹೊರಗಿನ ಪಕ್ಷವೊಂದರ ಬಾವುಟ ಹಾರಕೂಡದೆಂದು ಅಧಿಕಾರಿಗಳು ತಡೆದರು.

ಆ ವರ್ಷದ ಏಪ್ರಿಲ್ ಎರಡನೆಯ ವಾರದಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ನಿಷೇಧಾಜ್ಞೆಯಿದ್ದರೂ ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಬಾವುಟ ಏರಿಸಿ ಬಂಧಿತರಾದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು ಮುಂದೆ ಬಂದರು. ಅಲ್ಲಿ ರಕ್ತ ಹರಿಯಲಿಲ್ಲ. ಸುದ್ದಿ ಮಾತ್ರ ಹಳ್ಳಿಹಳ್ಳಿಗೆ ಹರಿಯಿತು.

ಎರಡು ವಾರ ಕಳೆದು ವಿದುರಾಶ್ವತ್ಥದ ಸರದಿ. ಉತ್ತರ ಪಿನಾಕಿನಿಯ ದಡದ ಈ ಕ್ಷೇತ್ರ ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವ ದಾರಿಯಲ್ಲಿದೆ. ಮಹಾಭಾರತದ ವಿದುರನೇ ನೆಟ್ಟನೆಂದು ಜನ ನಂಬಿದ್ದ ಅಶ್ವತ್ಥವೃಕ್ಷ, ಅದರ ಸುತ್ತ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಲೆಕ್ಕವಿಲ್ಲದಷ್ಟು ನಾಗರಕಲ್ಲುಗಳು. (ಆ ಮರ 2001ರಲ್ಲಿ ಉರುಳಿತು, ಕಲ್ಲುಗಳು ಈಗಲೂ ಇವೆ.) ಜಾತ್ರೆಯ ಕಾಲವಾದ್ದರಿಂದ ಸುತ್ತಲ ಊರುಗಳ ಜನ ಅಲ್ಲಿ ಸೇರಿದ್ದರು. 1938ರ ಏಪ್ರಿಲ್ 25ರಂದು ಎನ್.ಸಿ. ನಾಗಯ್ಯರೆಡ್ಡಿಯವರೇ ಮೊದಲಾದ ಸ್ಥಳೀಯ ಮುಖಂಡರ ನೇತೃತ್ವದಲ್ಲಿ ಸಭೆ ಸೇರಿ ಬಾವುಟ ಹಾರಿಸುವುದೆಂದು ನಿಶ್ಚಯವಾಗಿತ್ತು. ಸಭೆಗೂ ಬಾವುಟಕ್ಕೂ ನಿಷೇಧವಿತ್ತು. ಪೊಲೀಸರು ಚದುರಲು ಹೇಳಿದರು, ಜನ ಚದುರಲಿಲ್ಲ. ಲಾಠಿ ಬೀಸಿದ ಮೇಲೆ ಗುಂಡು ಹಾರಿತು.

ಸತ್ತವರೆಷ್ಟು? ಸರ್ಕಾರದ ಲೆಕ್ಕದಲ್ಲಿ ಹತ್ತರ ಆಸುಪಾಸು. ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ಈ ಎರಡು ಲೆಕ್ಕಗಳ ನಡುವಿನ ಅಂತರ ಇಂದಿಗೂ ತುಂಬಿಲ್ಲ. ಜಾತ್ರೆಗೆ ಬಂದವರು, ಅಕ್ಷರ ಬಾರದವರು, ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು ಸತ್ತರೆ ಲೆಕ್ಕ ಹೀಗೇ ಆಗುತ್ತದೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಆ ಸ್ಥಳಕ್ಕೆ ಅಂದಿನಿಂದ ಅಂಟಿಕೊಂಡಿತು.

ಆ ಹೋಲಿಕೆಯಲ್ಲಿ ಒಂದು ಮುಖ್ಯ ವಿಷಯ ಮರೆಯಾಗುತ್ತದೆ. ಶಾಲೆಯ ಭಾಷಣಗಳಲ್ಲಿ 'ಬ್ರಿಟಿಷರು ಗುಂಡು ಹಾರಿಸಿದರು' ಎಂದು ಮಕ್ಕಳು ಒದರುವುದನ್ನು ಕೇಳಿದ್ದೇನೆ. ಅಮೃತಸರದಲ್ಲಿ ಆಜ್ಞೆ ಕೊಟ್ಟವನು ಡಯರ್ ಎಂಬ ಪರದೇಶಿ. ಆದರೆ ವಿದುರಾಶ್ವತ್ಥದಲ್ಲಿದ್ದವರು ಮೈಸೂರಿನ ಪೊಲೀಸರು, ನಮ್ಮದೇ ಸಂಸ್ಥಾನದ ಸಂಬಳ ಉಣ್ಣುತ್ತಿದ್ದವರು. ಸತ್ತವರಾದರೂ ಅರಸರನ್ನು ದ್ವೇಷಿಸುತ್ತಿದ್ದ ಜನವಲ್ಲ. ಅರಮನೆಯ ಮೇಲೆ ಅವರಿಗೆ ಭಕ್ತಿಯಿತ್ತು. ಒಂದು ಬಾವುಟವನ್ನು ಗೌರವಿಸುತ್ತಲೇ ಇನ್ನೊಂದನ್ನು ಏರಿಸಲು ಹೊರಟವರು ಅವರು. ಪರದೇಶಿಯ ಕ್ರೌರ್ಯವನ್ನು ಖಂಡಿಸುವುದು ಸುಲಭ. ನಮ್ಮವರೇ ನಮ್ಮವರಿಗೆ ಮಾಡಿದ್ದನ್ನು ಮಕ್ಕಳಿಗೆ ಹೇಳುವುದು ಕಷ್ಟ. ಕಷ್ಟವೆಂದು ಕಥೆಯನ್ನೇ ಬದಲಿಸಿದರೆ ಸತ್ತವರಿಗೆ ನ್ಯಾಯ ಸಲ್ಲುವುದಿಲ್ಲ.

ಸರ್ಕಾರ ನಿವೃತ್ತ ನ್ಯಾಯಾಧೀಶ ಸರ್ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಸಂಸ್ಥಾನಕ್ಕೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಮೇ ತಿಂಗಳಲ್ಲಿ ಆದ ಒಪ್ಪಂದಕ್ಕೆ ಪಟೇಲ್–ಮಿರ್ಜಾ ಒಪ್ಪಂದವೆಂದೇ ಹೆಸರು. ಅದರಂತೆ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವೂ ಹಾರಬಹುದೆಂದಾಯಿತು. ಎರಡು ಬಟ್ಟೆಗಳು ಪಕ್ಕಪಕ್ಕದಲ್ಲಿ ಹಾರಬಹುದೆಂಬ ಇಷ್ಟು ಸರಳವಾದ ಮಾತು ಏಪ್ರಿಲ್ 24ರಂದೇ ಹೊಳೆದಿದ್ದರೆ!

ಆ ಚರಕದ ಬಾವುಟಕ್ಕೂ ಒಂದು ಹಿನ್ನೆಲೆಯಿದೆ. 1921ರಲ್ಲಿ ಪಿಂಗಳಿ ವೆಂಕಯ್ಯನವರು ಬೆಜವಾಡದಲ್ಲಿ ಗಾಂಧೀಜಿಯವರಿಗೆ ವಿನ್ಯಾಸ ಒಪ್ಪಿಸಿದಾಗ ಕೆಂಪು ಹಿಂದೂಗಳಿಗೆ, ಹಸಿರು ಮುಸಲ್ಮಾನರಿಗೆ ಎಂಬ ಅರ್ಥವಿತ್ತು; ಉಳಿದ ಧರ್ಮೀಯರಿಗಾಗಿ, ಎಂದರೆ ನಮ್ಮನ್ನೂ ಸೇರಿಸಿ, ಬಿಳಿಯ ಪಟ್ಟಿಯನ್ನು ಗಾಂಧೀಜಿ ಸೂಚಿಸಿದರು. 1931ರಲ್ಲಿ ಕಾಂಗ್ರೆಸ್ ಬಣ್ಣಗಳನ್ನು ಕೇಸರಿ, ಬಿಳಿ, ಹಸಿರೆಂದು ಗೊತ್ತುಪಡಿಸಿ, ಇವು ಯಾವ ಮತವನ್ನೂ ಸೂಚಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. 'ಬಿಳಿ ನಮ್ಮದು' ಎಂದು ಹೆಮ್ಮೆಪಡುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ನನಗಂತೂ 1931ರ ತೀರ್ಮಾನವೇ ಹೆಚ್ಚು ಉದಾರವೆನಿಸುತ್ತದೆ: ಒಂದು ಪಟ್ಟಿಯ ಬದಲು ಇಡೀ ಬಾವುಟವೇ ನಮ್ಮದಾಯಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಜಾಗದಲ್ಲಿ 24 ಕಡ್ಡಿಗಳ ಅಶೋಕಚಕ್ರವನ್ನಿಟ್ಟು ಅದನ್ನು ರಾಷ್ಟ್ರಧ್ವಜವಾಗಿ ಅಂಗೀಕರಿಸಿತು. ಪಕ್ಷದ ಬಾವುಟ ದೇಶದ ಧ್ವಜವಾದದ್ದು ಹೀಗೆ. ಆದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲು ಸ್ವಾತಂತ್ರ್ಯದ ನಂತರವೂ 'ಮೈಸೂರು ಚಲೋ' ಚಳುವಳಿ ಬೇಕಾಯಿತು. ಅಕ್ಟೋಬರ್ 25ರಂದು ಮೊದಲ ಮುಖ್ಯಮಂತ್ರಿಯಾದವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು.

ಇನ್ನು ಹಾಡಿನ ಮಾತು. ಮದನಪಲ್ಲಿ ಎಂದೊಡನೆ ಈ ಭಾಗದ ಹಳೆಯ ತಲೆಮಾರಿನವರಿಗೆ ನೆನಪಾಗುವುದು ಆರೋಗ್ಯವರಂ, ಕ್ಷಯರೋಗಿಗಳಿಗಾಗಿ ಮಿಷನರಿಗಳು ಕಟ್ಟಿದ ಆಸ್ಪತ್ರೆ. ಆ ಊರಿನಲ್ಲೇ ಆನಿ ಬೆಸೆಂಟರು ಸ್ಥಾಪಿಸಿದ ಥಿಯಾಸಾಫಿಕಲ್ ಕಾಲೇಜೂ ಇತ್ತು. 1919ರ ಆರಂಭದಲ್ಲಿ ದಕ್ಷಿಣ ಭಾರತದ ಪ್ರವಾಸದಲ್ಲಿದ್ದ ರವೀಂದ್ರನಾಥ ಠಾಕೂರರು ಬೆಂಗಳೂರು, ಮೈಸೂರುಗಳನ್ನೂ ಕಂಡು, ದಣಿವಾರಿಸಿಕೊಳ್ಳಲು ಕೆಲವು ದಿನ ಅಲ್ಲಿ ತಂಗಿದರು. ಪ್ರಾಂಶುಪಾಲರಾಗಿದ್ದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಅವರ ಪತ್ನಿ ಮಾರ್ಗರೆಟ್ ಐರ್ಲೆಂಡಿನಲ್ಲಿ ಸಂಗೀತದ ಪದವಿ ಪಡೆದವರು. ಒಂದು ಸಂಜೆ ವಿದ್ಯಾರ್ಥಿಗಳ ಹಾಡಿನ ಕೂಟದಲ್ಲಿ ಕವಿಗಳು ತಾವೇ 'ಜನ ಗಣ ಮನ'ವನ್ನು ಹಾಡಿದರು. ಬಂಗಾಳಿ ತಿಳಿಯದ ಮಕ್ಕಳೂ ಪಲ್ಲವಿಯಲ್ಲಿ ದನಿಗೂಡಿಸಿದರು.

ಮಾರ್ಗರೆಟ್ ಆ ಧಾಟಿಗೆ ಸ್ವರಲಿಪಿ ಹಾಕಿದರು. ಫೆಬ್ರವರಿ 28ರಂದು ಠಾಕೂರರು ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಭಾರತದ ಪ್ರಭಾತಗೀತೆ ಎಂಬ ಅರ್ಥದ ಶೀರ್ಷಿಕೆ ಕೊಟ್ಟು ಬರೆದುಕೊಟ್ಟರು. ಕಾಲೇಜು ಅದನ್ನು ತನ್ನ ಪ್ರಾರ್ಥನಾ ಗೀತೆಯಾಗಿ ಮಾಡಿಕೊಂಡಿತು. ರಾಷ್ಟ್ರಗೀತೆಯ ರಾಗ ಹುಟ್ಟಿದ್ದೇ ಮದನಪಲ್ಲಿಯಲ್ಲಿ ಎಂದು ಕೆಲವರು ಹೇಳುವುದುಂಟು. ಅದು ಅಭಿಮಾನದ ಅತಿಶಯ. ಧಾಟಿ ಠಾಕೂರರದೇ. ಏಳು ವರ್ಷ ಮೊದಲು, 1911ರ ಡಿಸೆಂಬರ್ 27ರಂದು, ಕಲ್ಕತ್ತದ ಕಾಂಗ್ರೆಸ್ ಅಧಿವೇಶನದಲ್ಲಿ ಅದನ್ನು ಹಾಡಿದ್ದರು. ಮದನಪಲ್ಲಿ ಕೊಟ್ಟದ್ದು ಕಾಗದದ ಮೇಲಿನ ಸ್ವರಗಳನ್ನು ಮತ್ತು ಬಂಗಾಳದ ಹೊರಗಿನ ಮೊದಲ ಕಂಠಗಳಲ್ಲಿ ಕೆಲವನ್ನು. ಅದೇನೂ ಸಣ್ಣ ಕೊಡುಗೆಯಲ್ಲ.

1911ರ ಆ ಸಭೆಯಿಂದಲೇ ಒಂದು ಅಪವಾದವೂ ಹುಟ್ಟಿತು. ಐದನೆಯ ಜಾರ್ಜ್ ದೊರೆ ಆಗ ಭಾರತದಲ್ಲಿದ್ದರು. ಅದೇ ದಿನ ಅವರನ್ನು ಸ್ವಾಗತಿಸುವ ಬೇರೊಂದು ಹಿಂದಿ ಗೀತೆಯನ್ನೂ ಹಾಡಲಾಯಿತು. ಇಂಗ್ಲಿಷ್ ಪತ್ರಿಕೆಗಳು ಎರಡನ್ನೂ ಬೆರಸಿ, ಠಾಕೂರರು ದೊರೆಯನ್ನು ಹೊಗಳಿದರೆಂದು ಬರೆದವು. ಯುಗಯುಗಗಳಿಂದ ಮನುಕುಲದ ರಥವನ್ನು ನಡೆಸುವ ಸಾರಥಿ ಯಾವ ಜಾರ್ಜ್ ದೊರೆಯೂ ಆಗಿರಲಾರನೆಂದು ಕವಿಗಳು 1937ರ ಪತ್ರವೊಂದರಲ್ಲಿ ವಿವರಿಸಿದರು. 1912ರ ಜನವರಿಯಲ್ಲಿ 'ತತ್ತ್ವಬೋಧಿನಿ ಪತ್ರಿಕೆ'ಯಲ್ಲಿ ಅದು ಅಚ್ಚಾದದ್ದು ಬ್ರಹ್ಮಸಂಗೀತವೆಂದು, ಅಂದರೆ ದೇವಸ್ತುತಿಯೆಂದು. ಐದು ಪದ್ಯಗಳಲ್ಲಿ ನಾವು ಹಾಡುವುದು ಮೊದಲನೆಯದನ್ನು ಮಾತ್ರ. ಎರಡನೆಯ ಪದ್ಯದಲ್ಲಿ ದೇವರ ಕರೆಗೆ ಓಗೊಟ್ಟು ಬರುವ ಹಲವು ಧರ್ಮದವರನ್ನು ಕವಿ ಹೆಸರಿಸುತ್ತಾರೆ. ಅಲ್ಲಿ ಕ್ರೈಸ್ತರೂ ಇದ್ದಾರೆ.

ಕಸಿನ್ಸರ ಕಥೆ ಮದನಪಲ್ಲಿಗೆ ಮುಗಿಯುವುದಿಲ್ಲ. 1924ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ ಕಾಲೇಜು ಹುಡುಗನೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ. ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿ, ಮಾತೃಭಾಷೆಯಲ್ಲಿ ಬರೆಯುವಂತೆ ಕಸಿನ್ಸ್ ಬುದ್ಧಿ ಹೇಳಿದರು. ಹುಡುಗನಿಗೆ ಅಸಮಾಧಾನವೇ ಆಯಿತು, ಆದರೆ ಮಾತು ನಾಟಿತು. ಆತನೇ ಕುವೆಂಪು. ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ಕರ್ನಾಟಕದ ನಾಡಗೀತೆಯಾಯಿತು. ದೇಶದ ಗೀತೆಗೂ ನಾಡಿನ ಗೀತೆಗೂ ಒಂದೇ ಐರಿಷ್ ಮನೆಯ ಬಾಗಿಲಿನ ನಂಟು!

ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಧ್ವಜವಿತ್ತು, ಅಂಗೀಕೃತ ಗೀತೆಯಿರಲಿಲ್ಲ. 1947ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಮ್ಮ ನಿಯೋಗವನ್ನು ರಾಷ್ಟ್ರಗೀತೆ ಕೇಳಿದಾಗ, ಕೈಯಲ್ಲಿದ್ದ 'ಜನ ಗಣ ಮನ'ದ ಧ್ವನಿಮುದ್ರಿಕೆಯನ್ನೇ ಕೊಟ್ಟರು. ವಾದ್ಯವೃಂದ ಅದನ್ನು ನುಡಿಸಿತು, ಕೇಳಿದವರು ಮೆಚ್ಚಿದರು. 1950ರ ಜನವರಿ 24ರಂದು ರಾಜೇಂದ್ರ ಪ್ರಸಾದರು ಸಂವಿಧಾನ ಸಭೆಯಲ್ಲಿ ಅದನ್ನು ರಾಷ್ಟ್ರಗೀತೆಯೆಂದು ಘೋಷಿಸಿದರು. 'ವಂದೇ ಮಾತರಂ'ಗೂ ಸಮಾನ ಗೌರವವೆಂದರು.

ಮಾರ್ಗರೆಟ್ ಕಸಿನ್ಸ್ ಆಗ ಮದರಾಸಿನ ಅಡ್ಯಾರಿನಲ್ಲಿದ್ದರು. ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಲು ಮುಂದಾದವರು, 1930ರ ದಶಕದಲ್ಲಿ ಭಾರತದ ಪರ ಮಾತನಾಡಿ ಬ್ರಿಟಿಷರ ಸೆರೆಮನೆ ಕಂಡವರು, ಪಾರ್ಶ್ವವಾಯುವಿನಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಮದನಪಲ್ಲಿಯ ಆ ಸಂಜೆ ತಾವು ಬರೆದುಕೊಂಡ ಸ್ವರಗಳಿಗೆ ಒಂದು ದೇಶವೇ ಎದ್ದು ನಿಲ್ಲುವ ಕಾಲ ಬಂದುದನ್ನು ಅವರು ಕಂಡರು. 1954ರಲ್ಲಿ ತೀರಿಕೊಂಡರು. ವಿದುರಾಶ್ವತ್ಥದಲ್ಲಿ ಸತ್ತವರ ಸ್ಮಾರಕವಿದೆ, ವೀರಸೌಧವಿದೆ. ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವವರು ದಾರಿಯಲ್ಲಿ ಇಳಿದು ನೋಡಬಹುದು.