ಬ್ರಿಟನ್ನಿನ ಸಾರೋಟು ಮತ್ತು ಬೇಟೆಯ ಚಿತ್ರಕಲೆ

ಬ್ರಿಟನ್ನಿನ ಸಾರೋಟು ಮತ್ತು ಬೇಟೆಯ ಚಿತ್ರಕಲೆ ಎಂಬುದು ಕುದುರೆ, ನರಿಬೇಟೆ, ಕುದುರೆ ಪಂದ್ಯ ಹಾಗೂ ಹೆದ್ದಾರಿಯ ಸಾರೋಟು ಪ್ರಯಾಣಗಳನ್ನು ವಸ್ತುವಾಗಿ ಉಳ್ಳ ವರ್ಣಚಿತ್ರ ಮತ್ತು ಅಚ್ಚುಚಿತ್ರಗಳ ಪರಂಪರೆ. 19ನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಇದು ಇಂಗ್ಲೆಂಡಿನಲ್ಲಿ ಬಹು ಜನಪ್ರಿಯವಾಗಿತ್ತು. ಜೇಮ್ಸ್ ಪೊಲಾರ್ಡ್, ಹೆನ್ರಿ ಆಲ್ಕೆನ್, ಬೆನ್ ಮಾರ್ಷಲ್, ಜಾನ್ ಫರ್ನ್‌ಲಿ, ಜಾನ್ ಫ್ರೆಡರಿಕ್ ಹೆರಿಂಗ್ ಇದರ ಪ್ರಮುಖ ಕಲಾವಿದರು. ಪುರಾಣ ಮತ್ತು ಇತಿಹಾಸದ ಚಿತ್ರಗಳಿಗೆ ದೊರೆಯುತ್ತಿದ್ದ ಮನ್ನಣೆ ಅಂದಿನ ಕಲಾಪಂಡಿತರಿಂದ ಇವಕ್ಕೆ ದೊರೆಯಲಿಲ್ಲ. ಆದರೆ ರೈಲು ಬರುವುದಕ್ಕೆ ಮುಂಚಿನ ರಸ್ತೆಯ ಬದುಕನ್ನು ಅರಿಯಲು ಇವು ಅಮೂಲ್ಯ ಸಾಕ್ಷ್ಯಗಳಾಗಿವೆ. ಆ ಸಾಕ್ಷ್ಯವನ್ನು ಎಲ್ಲಿ ನಂಬಬಹುದು, ಎಲ್ಲಿ ನಂಬಲಾಗದು ಎಂಬ ಎಚ್ಚರ ಮಾತ್ರ ನೋಡುಗರಿಗೆ ಅಗತ್ಯ.

ಹಿನ್ನೆಲೆ

1784ರ ಆಗಸ್ಟ್ 2ರಂದು ಜಾನ್ ಪಾಮರ್ ಎಂಬುವನ ಯೋಜನೆಯಂತೆ ಮೊದಲ ಅಂಚೆ ಸಾರೋಟು ಬ್ರಿಸ್ಟಲ್‌ನಿಂದ ಬಾತ್ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಸಂಜೆ ನಾಲ್ಕಕ್ಕೆ ಬಿಟ್ಟ ಗಾಡಿ ಮರುದಿನ ಬೆಳಗ್ಗೆ ಎಂಟರೊಳಗೆ ಲಂಡನ್ ತಲುಪಿತು. ಮುಂದೆ ಮೆಕಾಡಮ್ ಮತ್ತು ಟೆಲ್‌ಫರ್ಡ್ ಅವರ ರಸ್ತೆ ಸುಧಾರಣೆಗಳಿಂದ ವೇಗ ಮತ್ತಷ್ಟು ಹೆಚ್ಚಿ, 1830ರ ಸುಮಾರಿಗೆ ಉತ್ತಮ ಸಾರೋಟುಗಳು ಗಂಟೆಗೆ ಹತ್ತು ಮೈಲಿ ಓಡತೊಡಗಿದವು. ಸುಮಾರು ಹತ್ತು ಮೈಲಿಗೊಮ್ಮೆ ಹೆದ್ದಾರಿಯ ವಸತಿಗೃಹದ ಮುಂದೆ ನಾಲ್ಕು ಕುದುರೆಗಳನ್ನೂ ಬದಲಾಯಿಸುತ್ತಿದ್ದರು. ಅಂಚೆ ಸಾರೋಟಿಗೆ ಸುಂಕವಿರಲಿಲ್ಲ. ಕಾವಲುಗಾರನ ಕಹಳೆ ಕೇಳಿದೊಡನೆ ಸುಂಕದ ಗೇಟು ತೆರೆದಿರಬೇಕಾಗಿತ್ತು. ಕೆಂಪು ಅಂಗಿ ತೊಟ್ಟ ಆ ಕಾವಲುಗಾರನ ಬಳಿ ಬಂದೂಕು ಇರುತ್ತಿತ್ತು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಂದು ಗಡಿಯಾರವೂ ಇರುತ್ತಿತ್ತು. ಸಮಯಪಾಲನೆಯೆಂಬುದು ಜನರ ಅಭಿಮಾನದ ವಿಷಯವಾದದ್ದು ಈ ಕಾಲದಲ್ಲಿಯೇ. ಚಿತ್ರಗಳ ಬೇಡಿಕೆಗೆ ಮೂಲವೂ ಆ ಅಭಿಮಾನವೇ.

ಜೇಮ್ಸ್ ಪೊಲಾರ್ಡ್

ಸಾರೋಟಿನ ಚಿತ್ರಗಳಲ್ಲಿ ಅಗ್ರಸ್ಥಾನ ಜೇಮ್ಸ್ ಪೊಲಾರ್ಡ್‌ನದು (1792–1867). ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವ ರಾಬರ್ಟ್ ಪೊಲಾರ್ಡ್‌ನ ಮಗನಾದ ಈತ ಹುಟ್ಟಿದ್ದು ಇಸ್ಲಿಂಗ್ಟನ್‌ನಲ್ಲಿ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಗಾಡಿಗಳು ಅಲ್ಲಿನ ಏಂಜೆಲ್ ಮತ್ತು ಪೀಕಾಕ್ ವಸತಿಗೃಹಗಳ ಮುಂದೆಯೇ ಹಾದುಹೋಗುತ್ತಿದ್ದುದರಿಂದ ಚಿತ್ರದ ವಸ್ತುವನ್ನು ಆತ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ದೊರೆಯ ಹುಟ್ಟುಹಬ್ಬದ ರಾತ್ರಿ ಏಂಜೆಲ್ ಮುಂದೆ ನೆರೆದ ಅಂಚೆ ಸಾರೋಟುಗಳನ್ನು ತೋರಿಸುವ 1828ರ ಚಿತ್ರ ಆತನ ಪ್ರಸಿದ್ಧ ಕೃತಿಗಳಲ್ಲೊಂದು.

1816ರ ಅಕ್ಟೋಬರ್ 20ರ ರಾತ್ರಿ ಸಾಲ್ಸ್‌ಬರಿ ಬಳಿಯ ವಿಂಟರ್ಸ್‌ಲೊ ಹಟ್ ವಸತಿಗೃಹದ ಮುಂದೆ ನಡೆದ ಘಟನೆಯನ್ನೂ ಪೊಲಾರ್ಡ್ ಚಿತ್ರಿಸಿದ್ದಾನೆ. ಸಂಚಾರಿ ಮೃಗಶಾಲೆಯಿಂದ ತಪ್ಪಿಸಿಕೊಂಡ ಹೆಣ್ಣು ಸಿಂಹವೊಂದು ಎಕ್ಸೆಟರ್ ಅಂಚೆ ಸಾರೋಟಿನ ಮುಂದಿನ ಕುದುರೆಯ ಮೇಲೆರಗಿತು. ಪ್ರಯಾಣಿಕರು ಒಳಗೋಡಿ ಬಾಗಿಲು ಹಾಕಿಕೊಂಡರು. ಮೃಗಶಾಲೆಯ ಕಡೆಯವರ ದೊಡ್ಡ ನಾಯಿ ಸಿಂಹದ ಮೇಲೆ ಬಿದ್ದಿತು. ಕೊನೆಗೆ ಕಣಜವೊಂದರ ಅಡಿಯಲ್ಲಿ ಅವಿತ ಸಿಂಹವನ್ನು ಹಿಡಿಯಲಾಯಿತು. ಸುದ್ದಿಪತ್ರಿಕೆಗಳು ಚಿತ್ರಗಳನ್ನು ಮುದ್ರಿಸದಿದ್ದ ಆ ದಿನಗಳಲ್ಲಿ ಇಂತಹ ಅಚ್ಚುಚಿತ್ರಗಳೇ ಸುದ್ದಿಚಿತ್ರಗಳಾಗಿದ್ದವೆಂದರೆ ಅತಿಶಯೋಕ್ತಿಯಾಗದು.

ಕಲಾವಿದರ ಹಿನ್ನೆಲೆ

ಈ ಕಲಾವಿದರಲ್ಲಿ ಹಲವರು ಕಸುಬುದಾರರ ಮನೆಗಳಿಂದ ಬಂದವರು. ಫರ್ನ್‌ಲಿಯ ತಂದೆ ಲೆಸ್ಟರ್‌ಷೈರಿನ ಒಂದು ಹಳ್ಳಿಯಲ್ಲಿ ಗಾಡಿಯ ಚಕ್ರ ಮಾಡುತ್ತಿದ್ದವನು. ಹೆರಿಂಗ್ (1795–1865) ಡಾಂಕಾಸ್ಟರ್ ಪಟ್ಟಣಕ್ಕೆ ಬಂದು ಗಾಡಿಗಳ ಬಾಗಿಲಿಗೆ ಲಾಂಛನಗಳನ್ನೂ ವಸತಿಗೃಹಗಳಿಗೆ ಫಲಕಗಳನ್ನೂ ಬರೆಯುತ್ತ, ತಾನೇ ಸಾರೋಟು ಹೊಡೆಯುವ ಕೆಲಸಕ್ಕೆ ಸೇರಿದನು. ಬಿಡುವಿನಲ್ಲಿ ಬಿಡಿಸಿದ ಕುದುರೆಗಳ ಚಿತ್ರಗಳು ಶ್ರೀಮಂತರ ಕಣ್ಣಿಗೆ ಬಿದ್ದು, ಮುಂದೆ ವಿಕ್ಟೋರಿಯಾ ರಾಣಿಯ ಆಶ್ರಯವೂ ದೊರೆಯಿತು. ಮಾರ್ಷಲ್ ಮೊದಲು ಮನುಷ್ಯರ ಭಾವಚಿತ್ರಗಳನ್ನು ಬರೆಯುತ್ತಿದ್ದನು. ಹೆಂಡತಿಯ ಚಿತ್ರಕ್ಕೆ ಹತ್ತು ಗಿನಿ ಕೊಡಲು ಹಿಂದೆಮುಂದೆ ನೋಡುವವನು ಕುದುರೆಯ ಚಿತ್ರಕ್ಕೆ ಐವತ್ತು ಗಿನಿ ಕೊಡುತ್ತಾನೆಂದು ಆತ ಹೇಳಿದ್ದನಂತೆ. 1812ರಲ್ಲಿ ಆತ ಕುದುರೆ ಪಂದ್ಯಗಳ ಊರಾದ ನ್ಯೂಮಾರ್ಕೆಟ್‌ನಲ್ಲಿ ನೆಲೆಸಿದನು. 1819ರಲ್ಲಿ ಅಂಚೆ ಸಾರೋಟಿನ ಅಪಘಾತವೊಂದರಲ್ಲಿಯೇ ತೀವ್ರವಾಗಿ ಗಾಯಗೊಂಡನು.

ಬೇಟೆ ಮತ್ತು ಅಚ್ಚುಚಿತ್ರ

ಹೊಲ–ಗೋಮಾಳಗಳಿಗೆ ಬೇಲಿ ಬಿದ್ದ ಮೇಲೆ ನರಿಬೇಟೆಯೆಂದರೆ ಬೇಲಿ ಹಾರುವ ಸಾಹಸವೂ ಆಯಿತು. ಇದರ ಕೇಂದ್ರವಾಗಿದ್ದ ಮೆಲ್ಟನ್ ಮೋಬ್ರೆಯಲ್ಲಿ ಫರ್ನ್‌ಲಿ 1814ರಲ್ಲಿ ಮನೆ ಮಾಡಿದನು. ಆಲ್ಕೆನ್ (1785–1851) ಮಾತ್ರ ಬೇಟೆಗಾರರ ಠೀವಿಗಿಂತ ಅವರು ಕೆಸರಿಗೆ ಬೀಳುವುದನ್ನೇ ಹೆಚ್ಚು ಪ್ರೀತಿಯಿಂದ ಬರೆದವನು; ಆರಂಭದಲ್ಲಿ ‘ಬೆನ್ ಟಾಲಿಹೊ’ ಎಂಬ ಹುಸಿ ಹೆಸರಿನಲ್ಲಿ ಪ್ರಕಟಿಸುತ್ತಿದ್ದನು. ಇಂತಹ ಚಿತ್ರಗಳು ಮನೆಮನೆಗೆ ತಲುಪಿದ್ದು ಅಕ್ವಾಟಿಂಟ್ ವಿಧಾನದಿಂದ. ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ಕೂರಿಸಿ ಆಮ್ಲದಲ್ಲಿ ಅದ್ದಿದರೆ ಜಲವರ್ಣದಂತಹ ನೆರಳು–ಛಾಯೆಗಳು ಮೂಡುತ್ತವೆ. ಮುದ್ರಿಸಿದ ಹಾಳೆಗಳಿಗೆ ಬಳಿಕ ಕೈಯಿಂದ ಬಣ್ಣ ತುಂಬುತ್ತಿದ್ದರು. ಲಂಡನ್ನಿನ ಆಕರ್ಮನ್ ಮತ್ತು ಮೆಕ್ಲೀನ್ ಪ್ರಸಿದ್ಧ ಪ್ರಕಾಶಕರು.

ನಂಬಿಕೆಯ ಮಿತಿ

ಗಾಡಿಯ ಬಣ್ಣ, ಲಗಾಮು, ನೊಗಪಟ್ಟಿ, ದೀಪ, ವಸತಿಗೃಹದ ಫಲಕ ಇವುಗಳಲ್ಲಿ ಈ ಚಿತ್ರಗಳನ್ನು ಬಹುಮಟ್ಟಿಗೆ ನಂಬಬಹುದು. ಕೊಳ್ಳುವವರು ಸ್ವತಃ ಗಾಡಿ ಬಲ್ಲವರಾದ್ದರಿಂದ ತಪ್ಪಿಗೆ ಎಡೆಯಿರಲಿಲ್ಲ. ಆದರೆ ಓಟವನ್ನು ಹಾಗೆ ನಂಬುವಂತಿಲ್ಲ. ನಾಗಾಲೋಟದ ಕುದುರೆ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಎಲ್ಲರೂ ಬರೆದರು. 1821ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಫ್ರೆಂಚ್ ಕಲಾವಿದ ಜೆರಿಕೊ ಕೂಡ ತನ್ನ ಎಪ್ಸಮ್ ಪಂದ್ಯದ ಚಿತ್ರದಲ್ಲಿ ಹಾಗೆಯೇ ಬರೆದನು. ನಾಲ್ಕೂ ಗೊರಸುಗಳು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಮಡಿಚಿಕೊಂಡಾಗ ಎಂಬುದನ್ನು 1878ರಲ್ಲಿ ಮೈಬ್ರಿಜ್‌ನ ಛಾಯಾಚಿತ್ರಗಳು ತೋರಿಸಿಕೊಟ್ಟವು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ವೇಗದ ಸಾರೋಟಿಗೆ ಕಟ್ಟಿದ ಕುದುರೆ ಕೆಲವೇ ವರ್ಷಗಳಲ್ಲಿ ಸೋತು ಹೋಗುತ್ತಿತ್ತು. ಕುದುರೆ, ದನಕರುಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾನೂನು 1822ರಲ್ಲಿ ಬಂತು. ಪ್ರಾಣಿಹಿಂಸೆ ನಿವಾರಣಾ ಸಂಘ 1824ರಲ್ಲಿ ಹುಟ್ಟಿತು. ಆದರೆ ಸಾರೋಟಿನ ಚಿತ್ರಗಳಲ್ಲಿ ಕುದುರೆಗಳೆಲ್ಲವೂ ಮಿರುಗುವ ಮೈಯವು. ದಣಿದು ಕುಸಿದ ಪ್ರಾಣಿಯನ್ನು ಗೋಡೆಗೆ ತೂಗುಹಾಕಲು ಯಾರೂ ಹಣ ಕೊಡುತ್ತಿರಲಿಲ್ಲ.

ರೈಲಿನ ನಂತರ

1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗವೂ 1838ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ಮಾರ್ಗವೂ ತೆರೆದ ಮೇಲೆ ದೂರದ ಸಾರೋಟುಗಳು ಒಂದೊಂದಾಗಿ ನಿಂತವು. ಪೊಲಾರ್ಡ್ 1845ರಲ್ಲಿ ಬರೆದ ಚಿತ್ರವೊಂದರಲ್ಲಿ ಲೌತ್–ಲಂಡನ್ ಅಂಚೆ ಸಾರೋಟನ್ನು ಕುದುರೆಗಳಿಲ್ಲದೆ ರೈಲಿನ ತೆರೆದ ಬಂಡಿಯೊಂದರ ಮೇಲೆ ಏರಿಸಲಾಗಿದೆ. 20ನೆಯ ಶತಮಾನದಲ್ಲಿ ಈ ಬಗೆಯ ಚಿತ್ರಗಳನ್ನು ವಿಶೇಷವಾಗಿ ಸಂಗ್ರಹಿಸಿದವನು ಅಮೆರಿಕದ ಪಾಲ್ ಮೆಲನ್. ಆತನ ಸಂಗ್ರಹದ ಬಹುಭಾಗವನ್ನು 1977ರಲ್ಲಿ ತೆರೆದ ಯೇಲ್ ಬ್ರಿಟಿಷ್ ಕಲಾಕೇಂದ್ರದಲ್ಲಿ ಕಾಣಬಹುದು.