ಬರಗಾಲ ಕಲಿಸಿದ ಆರ್ಥಿಕ ನೀತಿ

ಗಂಗಾವತಿಯಲ್ಲಿ ಕುಷ್ಟಗಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದೀರಿ ಎಂದುಕೊಳ್ಳಿ. ಊರ ಸುತ್ತ ಭತ್ತದ ಗದ್ದೆ, ಅಕ್ಕಿ ಗಿರಣಿ. ಕನಕಗಿರಿ ದಾಟುವ ಹೊತ್ತಿಗೆ ಸಜ್ಜೆ, ತೊಗರಿಯ ಒಣ ಹೊಲ. ಮಳೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಉತ್ತರಕ್ಕಾಗಿ 1876ಕ್ಕೆ ಹೋಗಬೇಕು.

ಅದು ಧಾತು ಸಂವತ್ಸರ. ಅಂದು ಶುರುವಾದ ಬರ 1878ರವರೆಗೆ ಮದರಾಸು, ಮುಂಬಯಿ, ಮೈಸೂರು, ಹೈದರಾಬಾದು ಸೀಮೆಗಳನ್ನು ಹಿಂಡಿತು. ಕೊಪ್ಪಳ ಆಗ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರು. ಹೊಳೆಯಾಚೆಯ ಬಳ್ಳಾರಿ ಮದರಾಸಿಗೆ ಸೇರಿತ್ತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೇ 50 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ದೇಶದಲ್ಲಿ ಕಾಳೇ ಇರಲಿಲ್ಲವೆ? ಇತ್ತು. ಗೋಧಿಯ ರಫ್ತು ನಡೆದೇ ಇತ್ತು! ಆದರೆ ಹೊಲದಲ್ಲಿ ಕೆಲಸ ನಿಂತ ಮೇಲೆ ಕೂಲಿಯವನ ಕೈಯಲ್ಲಿ ಕಾಳು ಕೊಳ್ಳಲು ದುಡ್ಡಿರಲಿಲ್ಲ. ಪರಿಹಾರ ಕಾಮಗಾರಿಯಲ್ಲಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೊಂದಿಷ್ಟು ಚಿಲ್ಲರೆ. ಮಣ್ಣು ಹೊರುವವನಿಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದರು.

ಈ ದುರಂತದ ವಿಚಾರಣೆ ನಡೆಸಿದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ 1883ರ ಕ್ಷಾಮ ಸಂಹಿತೆ ಹುಟ್ಟಿತು. ದುಡಿಯಬಲ್ಲವರಿಗೆ ಕೆಲಸ, ದುಡಿಯಲಾಗದವರಿಗೆ ನೇರ ನೆರವು, ಧಾನ್ಯದ ಬೆಲೆಗೆ ತಕ್ಕ ಕೂಲಿ ಎಂಬುದು ಅದರ ಸಾರ. ಜನ ಊರು ಬಿಟ್ಟು ಅಲೆಯತೊಡಗುವುದೂ ಬರದ ಮುನ್ಸೂಚನೆ ಎಂದು ಅಧಿಕಾರಿಗಳಿಗೆ ತಿಳಿಸಲಾಯಿತು. ನಮ್ಮ ಕಡೆ ಅದಕ್ಕೆ ಗುಳೆ ಎನ್ನುತ್ತೇವೆ. ಆಯೋಗ ರೈಲು, ನೀರಾವರಿಗಳಿಗೂ ಒತ್ತು ಕೊಟ್ಟಿತ್ತು. ಹೊಸಪೇಟೆ, ಕೊಪ್ಪಳ, ಗದಗ ಮಾರ್ಗದ ರೈಲು ಬಂದದ್ದು 1880ರ ದಶಕದಲ್ಲಿ.

ನೀರು ಮಾತ್ರ ತಡವಾಯಿತು. ಮದರಾಸು, ಹೈದರಾಬಾದುಗಳ ಹಗ್ಗಜಗ್ಗಾಟ ಮುಗಿದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯ ಮೂಲ ಉದ್ದೇಶ ಭತ್ತವಲ್ಲ ಎಂಬುದು ನಿಮಗೆ ಅಚ್ಚರಿ ತರಬಹುದು. ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಿ ಜೋಳದಂಥ ಬೆಳೆಯನ್ನು ಬರದಿಂದ ಉಳಿಸುವುದು ಲೆಕ್ಕಾಚಾರವಾಗಿತ್ತು. ಆದರೆ ನೀರು ಕಂಡ ರೈತ ಲಾಭದ ಬೆಳೆ ಬಿಟ್ಟಾನೆಯೆ? ಗಂಗಾವತಿ ಭತ್ತದ ಕಣಜವಾಯಿತು. ಕಾಲುವೆಯ ಕೊನೆಯಲ್ಲಿರುವ ರಾಯಚೂರು ಕಡೆಯ ರೈತ ನೀರಿಗಾಗಿ ಕಾಯುವಂತಾಯಿತು.

ಕುಷ್ಟಗಿ, ಯಲಬುರ್ಗಾಗಳು ಎತ್ತರದ ನೆಲ. ತಾನಾಗಿ ಹರಿಯುವ ಕಾಲುವೆ ಅಲ್ಲಿಗೆ ಏರಲಿಲ್ಲ. ಅಲ್ಲಿಯವರ ಪಾಲಿಗೆ ಬಂದದ್ದು ಸಂಹಿತೆಯ ಇನ್ನೊಂದು ದಾರಿ, ಬರದ ಕಾಮಗಾರಿ. 2005ರ ಉದ್ಯೋಗ ಖಾತರಿ ಕಾಯ್ದೆ ಅದನ್ನೇ ಬೇರೆಯಾಗಿಸಿತು: ಬರ ಘೋಷಣೆಗೆ ಕಾಯದೆ, ಗ್ರಾಮೀಣ ಕುಟುಂಬವೊಂದು ವರ್ಷಕ್ಕೆ 100 ದಿನದ ಕೆಲಸವನ್ನು ಹಕ್ಕಾಗಿ ಕೇಳಬಹುದಾಯಿತು. ಸಂಹಿತೆಯಲ್ಲಿ ಅದು ಸರಕಾರದ ಕೃಪೆಯಾಗಿತ್ತು.

1972ರ ಬರ ಕಂಡವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದಾರು. ಆಗ ಯಾವ ಕೆರೆಯ ಹೂಳೆತ್ತಿದರು, ಕೂಲಿಗೆ ಏನು ಸಿಕ್ಕಿತು, ಯಾರು ಗುಳೆ ಹೋದರು, ಕೇಳಿ ಬರೆದುಕೊಳ್ಳಿ.